ಅಕ್ಕನ ಅಳತೆ

ಪ್ರೀತಿಯ ಅಕ್ಕಾ,

ನಿನ್ನೆ ಮೊದಲ ಸಲ ನನಗೆಂದೇ ಬ್ರಾ ಕೊಳ್ಳಲು ಹೋಗಿದ್ದೆ. ಅಂಗಡಿಯಾಕೆ ಟೇಪು ಹಿಡಿದು ಅಳೆದು, "ಈಗ ಹಾಕಿರೋದೇ ಸರಿಯಾದ ಸೈಜು ಕಣ್ರೀ, ಯಾರು ಆರಿಸಿಕೊಟ್ಟಿದ್ದು?" ಅಂದಳು. "ಯಾರೂ ಇಲ್ಲ, ಅಕ್ಕ ಹಾಕಿ ಬಿಟ್ಟಿದ್ದು" ಎಂದು ನಕ್ಕೆ.

ಮೆಟ್ಟಿಲಿಳಿಯುವಾಗ ನಗು ನಿಂತಿತು. ನೀನು ಮೊದಲಿನಿಂದಲೂ ಮೈ ತುಂಬಿಕೊಂಡವಳು, ನಾನು ಕಡ್ಡಿ. ಮುಂದೆ ನನಗೂ ಆಗಲಿ ಎಂದೇ ಅಮ್ಮ ನಿನಗೆ ಚಿಕ್ಕದನ್ನು ಕೊಡಿಸುತ್ತಿದ್ದಳು, ಅಲ್ಲವೇ?

ಮನೆಗೆ ಬಂದೊಡನೆ ನೀನು ಹುಕ್ಕು ಬಿಚ್ಚಿ "ಅಬ್ಬಾ" ಎನ್ನುತ್ತಿದ್ದೆ. ನಾಟಕದವಳು ಎಂದು ನಾನು ಅಣಕಿಸುತ್ತಿದ್ದೆ. ನಿನ್ನ ಹೆಗಲ ಮೇಲಿನ ಕೆಂಪು ಗೆರೆ ಬ್ಯಾಗಿನದು ಎಂದು ನೀನು ಹೇಳಿದ್ದೆ, ನಾನು ನಂಬಿಬಿಟ್ಟೆ.

ಇದರ ಜೊತೆ ಟೇಪು ಇಟ್ಟಿದ್ದೇನೆ. ಉಸಿರು ಬಿಗಿಹಿಡಿಯದೆ ಅಳೆದು ತಿಳಿಸು. ಅಮ್ಮನ ಹತ್ತಿರ ಈ ಮಾತು ಎತ್ತಬೇಡ. ಈ ಸಲ ಕೊಡಿಸುವವಳು ನಾನು. ಅದು ನನಗೆ ದೊಗಳೆಯಾಗಬೇಕು.

ನಿನ್ನ,
ಕಡ್ಡಿ