ಸಿಸ್ಟರ್ ಹೊಡೆಯುತ್ತಿದ್ದ ಗಂಟೆ

ಸೆಪ್ಟೆಂಬರ್ 7, ಭಾನುವಾರ

ಚರ್ಚಿನಲ್ಲಿ ಪೂಜೆ ಮುಗಿಸಿ ಬಂದೆ. ಮಂಡಿ ನೋವು. ಪೀಠದ ಬಟ್ಟೆ ಒಗೆಯುವ ಸರದಿ ಈ ವಾರವೂ ನಮ್ಮ ಮನೆಗೇ. ಉಳಿದ ಹೆಂಗಸರಿಗೆಲ್ಲ ಒಂದೊಂದು ಕಾಯಿಲೆ. ಮೈಕ್ ಕೈಗೆ ಬಂದರೆ ಮಾತ್ರ ತಕ್ಷಣ ಗುಣವಾಗುತ್ತೆ.

ಆಮೇಲೆ ಮೀಟಿಂಗ್. ಸಿಸ್ಟರ್ ತೀರಿಕೊಂಡು ಈ ತಿಂಗಳ ಕೊನೆಗೆ ವರ್ಷ ತುಂಬುತ್ತೆ. ಈ ಚರ್ಚಿಗೆ ಎಷ್ಟೋ ಸಿಸ್ಟರುಗಳು ಬಂದರು, ಹೋದರು. ಬರೀ ‘ಸಿಸ್ಟರ್’ ಅಂದರೆ ನಮ್ಮ ಸ್ಕೂಲಿನ ಪ್ರಿನ್ಸಿಪಾಲ್ ಆಗಿದ್ದ ಅವರೊಬ್ಬರೇ. ಅವರ ನೆನಪಿಗೆ ಏನು ಮಾಡೋಣ ಅನ್ನೋದು ಚರ್ಚೆ. ಚರ್ಚೆ ಅಂದರೆ — ಸೋಫಾ ಮಾತಾಡೋದು, ಉಳಿದವರು ತಲೆಯಾಡಿಸೋದು.

ಸೋಫಾ ಅಂದರೆ ಚರ್ಚ್ ನಡೆಸುವ ಪ್ಯಾರಿಶ್ ಕೌನ್ಸಿಲ್‌ನ ಸೆಕ್ರೆಟರಿ. ಪೇಟೆಯಲ್ಲಿ ದೊಡ್ಡ ಫರ್ನಿಚರ್ ಅಂಗಡಿ. ನನ್ನ ಹಳೇ ವಿದ್ಯಾರ್ಥಿ. ಭಿನ್ನರಾಶಿ ಕೊನೆಗೂ ತಲೆಗೆ ಹೋಗಲಿಲ್ಲ. ಈಗ ಬಜೆಟ್ ಮಂಡಿಸುತ್ತಾನೆ.

ಅವನ ಯೋಜನೆ: ಸ್ಕೂಲಿನ ಮುಂದೆ ದೊಡ್ಡ ಗಡಿಯಾರ, ಅದಕ್ಕೆ ಜೋಡಿಸಿದ ಆಟೋಮ್ಯಾಟಿಕ್ ಗಂಟೆ. ಸರಿಯಾಗಿ ಎಂಟೂವರೆಗೆ ತಾನೇ ಹೊಡೆಯುತ್ತೆ, ವಾಚ್‌ಮನ್ ಗೇಟು ಮುಚ್ಚುತ್ತಾನೆ. ಕೆಳಗೆ ಕಲ್ಲಿನ ಮೇಲೆ ಸಿಸ್ಟರ್ ಹೆಸರು, ‘ಸಮಯಪಾಲನೆಯ ಸಾಕಾರಮೂರ್ತಿ’ ಅಂತ.

ನನಗೆ ನಗು ತಡೆಯೋಕಾಗಲಿಲ್ಲ. ಕೆಮ್ಮಿದ ಹಾಗೆ ಮಾಡಿದೆ. ಹೊಸ ಫಾದರ್ ನೀರು ತರಿಸಿಕೊಟ್ಟರು. ಒಳ್ಳೆ ಹುಡುಗ, ಆದರೆ ಮೊಬೈಲಿಂದ ತಲೆ ಎತ್ತೋದಿಲ್ಲ.

ಸೆಪ್ಟೆಂಬರ್ 10, ಬುಧವಾರ

ಚರ್ಚಿನ ವಾಟ್ಸಾಪ್ ಗ್ರೂಪಿನಲ್ಲಿ ಕಣ್ಣೀರಿನ ಕೋಡಿ. ‘ನಮ್ಮ ಪಾಲಿನ ದೇವತೆ’. ‘ಅವರ ಮುಗುಳ್ನಗೆ ಮರೆಯಲಾರೆ’. ಸಿಸ್ಟರ್ ನಕ್ಕಿದ್ದನ್ನು ನೋಡಿದವರು ಯಾರು? ಮುಖ ಯಾವಾಗಲೂ ಹಲ್ಲುನೋವು ಬಂದವರ ಹಾಗೆ. ಕೊನೆಗಾಲದಲ್ಲಿ ಕಾನ್ವೆಂಟಿನ ಹಿಂದಿನ ರೂಮಿನಲ್ಲಿ ಮಲಗಿದ್ದಾಗ ಈ ಮುಗುಳ್ನಗೆಯವರಲ್ಲಿ ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. “ಮುದುಕಿಗೆ ಕಿವಿ ಕೇಳಲ್ಲ, ಹೋಗಿ ಏನ್ ಮಾತಾಡೋದು” ಅಂದವಳೇ ಇವತ್ತು ಗ್ರೂಪಿಗೆ ಮೇಣದಬತ್ತಿಯ ಚಿತ್ರ ಕಳಿಸಿದ್ದಾಳೆ.

ತಂಗಿ ಅದಕ್ಕೂ ಕೈಮುಗಿದ ಗುರುತು ಹಾಕಿದಳು. ಅವಳಿಗೆ ಎಲ್ಲರೂ ಒಳ್ಳೆಯವರೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದೇವೆ ಅಂತ ಯಾರೂ ನಂಬಲ್ಲ.

ಸೆಪ್ಟೆಂಬರ್ 11, ಗುರುವಾರ, ಸಂಜೆ

ಸೋಫಾ ಮನೆಗೆ ಬಂದಿದ್ದ. ನಮ್ಮ ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿ ಕೂತ. ಕಸುಬಿನ ಬುದ್ಧಿ.

“ಟೀಚರ್, ನೀವೇ ಮಾತಾಡ್ಬೇಕು. ಸಿಸ್ಟರ್ ಜೊತೆ ಅಷ್ಟು ವರ್ಷ ಕೆಲಸ ಮಾಡಿದವ್ರು ಈಗ ನೀವೊಬ್ರೇ ಇರೋದು.”

“ಏನು ಮಾತಾಡ್ಲಿ?”

“ಅವ್ರ ಶಿಸ್ತಿನ ಬಗ್ಗೆ. ಈಗಿನ ಮಕ್ಕಳು ನೋಡಿ, ಒಂಬತ್ತಾದ್ರೂ ಬರ್ತಾನೇ ಇರ್ತಾವೆ. ನಾನು ಸ್ಕೂಲಿಗೆ ಒಂದು ದಿನ, ಒಂದೇ ಒಂದು ದಿನ ಲೇಟಾಗಿ ಹೋಗಿಲ್ಲ ಟೀಚರ್. ಆ ಗಂಟೆಯಿಂದ ನಾನು ಈ ಮಟ್ಟಕ್ಕೆ ಬಂದೆ.”

ಅವನ ಮುಖ ನೋಡಿದೆ. ಹಾಸ್ಯಕ್ಕೆ ಹೇಳುತ್ತಿಲ್ಲ. ನಂಬಿದ್ದಾನೆ. ಮನಸಾರೆ ನಂಬಿದ್ದಾನೆ.

ಅವನು ದಿನವೂ ಲೇಟು. ಮಳೆಯಿರಲಿ, ಬಿಸಿಲಿರಲಿ. ತಂದೆ ಇಲ್ಲ. ತಾಯಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ನೆಲ ಒರೆಸುವ ಕೆಲಸ. ಆಕೆ ಮನೆಗೆ ಬರುವ ತನಕ ಸಣ್ಣವರನ್ನು ನೋಡಿಕೊಂಡು, ಆಮೇಲೆ ಓಡಿಬರುತ್ತಿದ್ದ. ಸಿಸ್ಟರ್ ವರಾಂಡದಲ್ಲಿ ಗಂಟೆಯ ಹಗ್ಗ ಹಿಡಿದು ನಿಂತು, ರಸ್ತೆಯ ತಿರುವನ್ನೇ ನೋಡುತ್ತಿದ್ದರು. ಅಲ್ಲಿ ಯಾವುದಾದರೂ ತಲೆ ಕಾಣಿಸಿದರೆ ಹಗ್ಗ ಎಳೆಯುತ್ತಿರಲಿಲ್ಲ. ಕೊನೆಯ ಮಗು ಗೇಟಿನೊಳಗೆ ಕಾಲಿಟ್ಟ ಮೇಲೆ ಎಳೆಯೋದು. ಆಮೇಲೆ ಆಫೀಸಿಗೆ ಹೋಗಿ, ಸ್ಟೂಲು ಹತ್ತಿ, ಗೋಡೆ ಗಡಿಯಾರದ ಮುಳ್ಳನ್ನು ಹಿಂದಕ್ಕೆ ಎಂಟೂವರೆಗೆ ತರೋದು! ಸಂಜೆ ಎಲ್ಲರೂ ಹೋದ ಮೇಲೆ ಮತ್ತೆ ಮುಂದಕ್ಕೆ. ಇಡೀ ಬೀದಿ ತನ್ನ ಗಡಿಯಾರಗಳನ್ನು ಆ ಗಂಟೆ ಕೇಳಿ ಸರಿಮಾಡಿಕೊಳ್ಳುತ್ತಿತ್ತು. ಸಿಸ್ಟರ್ ಗಂಟೆ ಅಂದರೆ ಗಂಟೆ, ಅಂತ.

ನನ್ನ ಮೊದಲ ಪೀರಿಯಡ್ ದಿನವೂ ಕತ್ತರಿ. ಒಂದು ದಿನ ಕೈಗಡಿಯಾರ ತೋರಿಸಿ ಜಗಳಕ್ಕೇ ನಿಂತೆ. ಸಿಸ್ಟರ್ ನೋಡಿದರು. “ನಿಮ್ಮ ವಾಚು ಸರಿಯಾಗಿದೆ ಟೀಚರ್. ಆದ್ರೆ ಗಂಟೆ ನನ್ನದು” ಅಂದರು. ಅಷ್ಟೇ. ಆ ಮೇಲೆ ನಾನು ಆ ಮಾತೆತ್ತಲಿಲ್ಲ.

ಅವರು ಕಾಯುತ್ತಿದ್ದದ್ದು ಹೆಚ್ಚಾಗಿ ಯಾರಿಗೆ ಅನ್ನೋದು ಗೊತ್ತಿದ್ದದ್ದು ನನಗೆ. ಆ ಪುಣ್ಯಾತ್ಮ ಈಗ ನನ್ನ ಕುರ್ಚಿಯಲ್ಲಿ ಕೂತು ಸಮಯದ ಬೆಲೆ ಹೇಳಿಕೊಡುತ್ತಿದ್ದಾನೆ. ಮಾತಾಡುತ್ತೇನೆ ಅಂತ ಒಪ್ಪಿಕೊಂಡೆ.

ಸೆಪ್ಟೆಂಬರ್ 19, ಶುಕ್ರವಾರ

ಹೊಸ ಗಂಟೆಯ ಟ್ರಯಲ್ ಇವತ್ತು. ನಮ್ಮ ಅಡುಗೆಮನೆ ಕಿಟಕಿ ಸ್ಕೂಲ್ ಗೇಟಿನ ಎದುರಿಗೇ. ಎಂಟೂವರೆಗೆ ಹೊಡೆಯಿತು. ಗಂಟೆಯಲ್ಲ ಅದು, ಲಾರಿ ರಿವರ್ಸ್ ತೆಗೆಯುವ ಸದ್ದು. ಹಳೇ ಗಂಟೆಗೆ ಪಾಲಿಶ್ ಹಾಕಿ, ರಿಬ್ಬನ್ ಕಟ್ಟಿ, ವರಾಂಡದಲ್ಲೇ ಬಿಟ್ಟಿದ್ದಾರೆ. ಮಕ್ಕಳು ಎಳೆಯಬಾರದು ಅಂತ ಹಗ್ಗ ಬಿಚ್ಚಿಟ್ಟಿದ್ದಾರೆ.

ಗೇಟು ಮುಚ್ಚಿತು. ಹೊರಗೆ ಎರಡು ಜಡೆಯ ಒಂದು ಹುಡುಗಿ. ಓಡಿ ಬಂದು ಕಂಬಿ ಹಿಡಿದು ನಿಂತಳು. ವಾಚ್‌ಮನ್ ಬೇರೆ ಕಡೆ ನೋಡಿದ. ಪಾಪ, ಅವನದು ಹೊಟ್ಟೆಪಾಡು. ಸೋಫಾ ಒಳಗೇ ನಿಂತಿದ್ದ, ಕೈಕಟ್ಟಿಕೊಂಡು. ರಸ್ತೆ ದಾಟಿ ಹೋದೆ.

“ಒಳಗೆ ಬಿಡಪ್ಪ, ಚಿಕ್ಕ ಮಗು.”

“ಎರಡು ದಿನ ಹೊರಗೆ ನಿಂತ್ರೆ ತಾನೇ ಬುದ್ಧಿ ಬರುತ್ತೆ ಟೀಚರ್. ಸಿಸ್ಟರ್ ಇದ್ದಿದ್ರೆ ಬಿಡ್ತಿದ್ರಾ?”

ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಹುಡುಗಿಯನ್ನು ಮನೆಗೆ ಕರೆತಂದು ನೀರು ಕೊಟ್ಟೆ. ಅಜ್ಜಿಗೆ ಹಾಸಿಗೆಯಿಂದ ಏಳೋಕಾಗಲ್ಲ, ಊಟ ಮಾಡಿಸಿಯೇ ಬರಬೇಕಂತೆ. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಸೆಪ್ಟೆಂಬರ್ 20, ಶನಿವಾರ

ತೀರ್ಮಾನಿಸಿದೆ. ಭಾಷಣದಲ್ಲೇ ಹೇಳುತ್ತೇನೆ. ಅವನ ಹೆಸರು ಹಿಡಿದು. ಇಡೀ ಚರ್ಚಿನ ಮುಂದೆ ಮಾನ ಹರಾಜು ಹಾಕುತ್ತೇನೆ. ಕನ್ನಡಿ ಮುಂದೆ ನಿಂತು ಹೇಳಿನೋಡಿದೆ. ಬಹಳ ಚೆನ್ನಾಗಿ ಬಂತು.

ಬಾಗಿಲಲ್ಲಿ ತಂಗಿ. ಎಲ್ಲ ಕೇಳಿಸಿಕೊಂಡಿದ್ದಳು.

“ಅಕ್ಕ, ಸಿಸ್ಟರ್ ಅದನ್ನ ಅವನಿಗೆ ಹೇಳಿದ್ರಾ ಯಾವತ್ತಾದ್ರೂ?”

“ಇಲ್ಲ.”

“ಮತ್ತೆ?”

ಈ ‘ಮತ್ತೆ’ ಅನ್ನೋದು ಅವಳ ಹಳೇ ಚಾಳಿ. ಒಂದು ಪದ ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಾಳೆ. ಮೈಯೆಲ್ಲ ಉರಿಯಿತು. ಊಟ ಮಾಡಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಮುಗಿಯಿತು ನಾಟಕ. ಸ್ಮರಣೆಯ ಪೂಜೆ, ಆಮೇಲೆ ಸ್ಕೂಲ್ ಅಂಗಳದಲ್ಲಿ ಸಭೆ. ಬಾಡಿಗೆ ಕುರ್ಚಿ. ವೇದಿಕೆ ಮೇಲೆ ಮಾತ್ರ ಸೋಫಾ — ಸೋಫಾನ ಅಂಗಡಿಯ ಸೋಫಾ. ಬೆಲೆಯ ಚೀಟಿ ಕೀಳೋದು ಮರೆತಿದ್ದರು. ಸಿಸ್ಟರ್ ಫೋಟೋ ಎಷ್ಟು ದೊಡ್ಡದು ಮಾಡಿಸಿದ್ದಾರೆ ಅಂದರೆ ಮೂಗು ಮಾತ್ರ ಕಾಣುತ್ತೆ. ಭಾಷಣಗಳ ಮೇಲೆ ಭಾಷಣ. ಸಿಸ್ಟರಿಗೆ ಬೆಣ್ಣೆ ಹಚ್ಚಿ ಏನು ಲಾಭ? ಅದಕ್ಕೇ ಎಲ್ಲರೂ ಫಾದರಿಗೆ ಹಚ್ಚಿದರು.

ನನ್ನ ಸರದಿ. ಮೈಕ್ ಹಿಡಿದೆ. ಮಾತೆಲ್ಲ ಬಾಯಲ್ಲಿ ಸಿದ್ಧವಾಗಿತ್ತು. ಮುಂದಿನ ಸಾಲಿನಲ್ಲಿ ಸೋಫಾನ ತಾಯಿ. ತುಂಬ ವಯಸ್ಸಾಗಿದೆ. ಹೊಸ ಬಟ್ಟೆ. ಮಗನ ಕಡೆಗೇ ನೋಡುತ್ತಿದ್ದರು. ಮಡಿಲಲ್ಲಿಟ್ಟ ಕೈಗಳು — ಫಿನಾಯಿಲ್ ತಿಂದ ಕೈಗಳು, ಬೆರಳು ಇನ್ನೂ ಸೊಟ್ಟ.

ಆಗಲಿಲ್ಲ. ಹೆಸರು ಹೇಳೋಕಾಗಲಿಲ್ಲ. ಇಷ್ಟೇ ಹೇಳಿದೆ: “ಸಿಸ್ಟರ್ ಗಂಟೆ ಒಂದು ದಿನವೂ ಟೈಮಿಗೆ ಸರಿಯಾಗಿ ಹೊಡೀಲಿಲ್ಲ. ಎಲ್ಲ ಮಕ್ಕಳೂ ಒಳಗೆ ಬಂದ ಮೇಲೆ ಹೊಡೀತಿತ್ತು. ಅದಕ್ಕೇ ಯಾರೂ ಲೇಟಾಗ್ತಿರಲಿಲ್ಲ.”

ಎಲ್ಲರೂ ನಕ್ಕರು. “ನಮ್ಮ ಟೀಚರ್ ತಮಾಷೆ ಬಿಡಲ್ಲ” ಅಂದರು ಫಾದರ್. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಸೋಫಾ. ನನಗೆ ನನ್ನ ಮೇಲೇ ಹೇಸಿಗೆ ಆಯಿತು. ಹಲ್ಲು ಕಿತ್ತ ಹಾವು ನಾನು.

ಕಾಫಿ ಕುಡಿಯುವಾಗ ಅವನ ತಾಯಿ ಬಂದು ನನ್ನ ಮೊಣಕೈ ಹಿಡಿದುಕೊಂಡರು. ಅವರು ನಕ್ಕಿರಲಿಲ್ಲ.

“ನಂಗೆ ಗೊತ್ತಿತ್ತು ಟೀಚರಮ್ಮ. ಅವನನ್ನ ಓಡಿಸಿಬಿಟ್ಟು ಆ ತಿರುವಲ್ಲಿ ನಿಂತು ಕೇಳ್ತಿದ್ದೆ. ಇವನು ಗೇಟು ದಾಟಿದ ಮೇಲೇ ಗಂಟೆ ಆಗ್ತಿತ್ತು. ದಿನಾ.”

“ಅವನಿಗೆ ಹೇಳಿಲ್ವಾ?”

“ನಾನು ಒಂದು ದಿನಾನೂ ಲೇಟಾಗಿಲ್ಲಮ್ಮ ಅಂತ ಮನೆಗೆ ಬಂದು ಹೇಳೋನು. ಅವಾಗ ಅವನ ಹತ್ರ ಹೇಳ್ಕೊಳ್ಳೋಕೆ ಇನ್ನೇನಿತ್ತು? ಅದನ್ನೂ ಯಾಕೆ ಕಿತ್ಕೊಳ್ಳಲಿ ಅಂತ ಸುಮ್ನಾದೆ.”

ಹುಡುಗಿ ಗೇಟಿನ ಹೊರಗೆ ನಿಂತದ್ದನ್ನು ಅವರಿಗೆ ಹೇಳಿದೆ. ಚಾಡಿ ಹೇಳಿದೆ ಅಂತಲೇ ಇಟ್ಟುಕೊಳ್ಳಿ. ಆಕೆ ಕಾಫಿ ಲೋಟ ಕೆಳಗಿಟ್ಟರು. ಪೂರ್ತಿ ಕುಡಿದಿರಲಿಲ್ಲ.

ಸೆಪ್ಟೆಂಬರ್ 29, ಸೋಮವಾರ

ಎಂಟೂವರೆ. ಲಾರಿ ರಿವರ್ಸ್. ಗೇಟು ಬಂದ್. ಎರಡು ಜಡೆ ಹೊರಗೆ. ಏನು ನಿರೀಕ್ಷೆ ಮಾಡಿದ್ದೆ? ಭಾಷಣ ಕೇಳಿ ಬದಲಾದವರನ್ನು ನಾನಂತೂ ನೋಡಿಲ್ಲ.

ಅವಳು ಈಗ ನೇರ ನಮ್ಮ ಮನೆಗೇ ಬರುತ್ತಾಳೆ. ಭಿನ್ನರಾಶಿ ಹೇಳಿಕೊಡುತ್ತಿದ್ದೇನೆ. ಸೋಫಾಗಿಂತ ಚುರುಕು. ಅದೇನು ದೊಡ್ಡ ವಿಷಯವಲ್ಲ.

ಅಕ್ಟೋಬರ್ 8, ಬುಧವಾರ, ಸಂಜೆ

ಇಷ್ಟು ದಿನ ಬರೆಯಲಿಲ್ಲ. ಬರೆಯೋಕೆ ಏನಿತ್ತು? ದಿನವೂ ಅದೇ ಸದ್ದು, ಅದೇ ಗೇಟು.

ಇವತ್ತು ಅವನು ಬಂದ. ಒಳಗೆ ಬರಲಿಲ್ಲ, ಹೊಸಿಲ ಹೊರಗೇ ನಿಂತ. ಕೂತ್ಕೋ ಅಂದೆ. ಕೂರಲಿಲ್ಲ. ಶರ್ಟಿಗೆ ಇಸ್ತ್ರಿ ಇರಲಿಲ್ಲ. ಅಂಥ ಡೌಲಿನ ಮನುಷ್ಯ.

“ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ರು ಟೀಚರ್. ಸಭೆ ಆದ ದಿನದಿಂದ. ನಿನ್ನೆ ಗಂಟೆ ವಿಷ್ಯ ಹೇಳಿದ್ರು.”

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದೆ.

“ನಿಜನಾ?”

“ಹೂಂ.”

“ಎಷ್ಟು ದಿನ?”

“ನಾನು ಲೆಕ್ಕ ಇಟ್ಟಿಲ್ಲಪ್ಪ.”

“ಲೆಕ್ಕದ ಟೀಚರ್ ನೀವು. ಇಡದೇ ಇರ್ತೀರಾ?”

ಎಷ್ಟೋ ದಿನದಿಂದ ಈ ಗಳಿಗೆಗೆ ಕಾದಿದ್ದೆ. ಇವನ ಮುಖ ಹೀಗೆ ಬೀಳೋದನ್ನು ನೋಡಬೇಕು ಅಂತ. ಬಿತ್ತು. ನೋಡಿದೆ. ಒಂದು ಚೂರೂ ಖುಷಿಯಾಗಲಿಲ್ಲ. ಎದುರಿಗೆ ನಿಂತದ್ದು ಕೌನ್ಸಿಲ್ ಸೆಕ್ರೆಟರಿಯಲ್ಲ, ಏದುಸಿರು ಬಿಡುತ್ತಾ ಕ್ಲಾಸಿನ ಬಾಗಿಲಿಗೆ ಬರುತ್ತಿದ್ದ ಆ ಹುಡುಗ. ಆಗಲೂ ಹೀಗೇ, ಒಳಗೆ ಬರಲಾ ಅಂತ ಕಣ್ಣಲ್ಲೇ ಕೇಳುತ್ತಿದ್ದ.

“ಕಾಫಿ ಕುಡೀತೀಯಾ?” ಅಂದೆ. ತಲೆಯಾಡಿಸಿ ಹೊರಟುಹೋದ. ಹೋಗುವಾಗ ಸ್ಕೂಲ್ ಗೇಟಿನ ಮುಂದೆ ನಿಂತ, ತಿರುವಿನ ಕಡೆ ಒಮ್ಮೆ ನೋಡಿದ.

ಸಿಸ್ಟರ್ ಇರಬೇಕಿತ್ತು. ನೆನಪಾಗಿ ಅಳು ಬಂತು. ವರ್ಷವಾಯಿತು, ಇವತ್ತೇ ಮೊದಲು.

ಅಕ್ಟೋಬರ್ 9, ಗುರುವಾರ, ಬೆಳಿಗ್ಗೆ

ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಎಂಟೂವರೆ ಆಯಿತು. ನನ್ನ ವಾಚು ಸರಿಯಾಗಿದೆ. ಗಂಟೆ ಹೊಡೆದಿಲ್ಲ.

ಕೆಟ್ಟಿರಬೇಕು. ಅಷ್ಟು ಚಂದಾ ಎತ್ತಿ ತಂದ ಸಾಮಾನಿನ ಹಣೆಬರಹ.

ತಂಗಿ ಕರೆದಳು, “ಅಕ್ಕ, ಇಲ್ಲಿ ಬಾ.” ಡೈರಿ ಹಿಡಿದುಕೊಂಡೇ ಕಿಟಕಿಗೆ ಹೋದೆ. ಗೇಟು ತೆರೆದೇ ಇದೆ. ವಾಚ್‌ಮನ್ ಪಕ್ಕಕ್ಕೆ ನಿಂತಿದ್ದಾನೆ. ವರಾಂಡದಲ್ಲಿ ಸೋಫಾ. ಹಳೇ ಗಂಟೆಗೆ ಹಗ್ಗ ಕಟ್ಟಿದ್ದಾನೆ — ವ್ಯಾನಿನ ಮೇಲೆ ಸೋಫಾ ಬಿಗಿಯುವ ನೀಲಿ ನೈಲಾನ್ ಹಗ್ಗ. ರಿಬ್ಬನ್ ಇನ್ನೂ ತೆಗೆದಿಲ್ಲ. ಹಗ್ಗ ಹಿಡಿಯೋದಕ್ಕೂ ಬರಲ್ಲ ಇವನಿಗೆ, ಎತ್ತು ಹಿಡಿದವನ ಹಾಗೆ ಎರಡೂ ಕೈಯಲ್ಲಿ. ಕತ್ತು ಮಾತ್ರ ತಿರುವಿನ ಕಡೆಗೆ.

ಇನ್ನೂ ಹೊಡೆದಿಲ್ಲ. ಮೊದಲ ಪೀರಿಯಡ್ ಹಾಳಾಯಿತು. ಲೆಕ್ಕದ ಟೀಚರ್ ಹಲ್ಲು ಕಡಿಯುತ್ತಿರಬೇಕು. ಕಡಿಯಲಿ.

ತಿರುವಿನಲ್ಲಿ ಎರಡು ಜಡೆ. ಓಡುತ್ತಿದ್ದಾಳೆ. ಹಗ್ಗ ಎಳೆಯಬೇಡ ಮೂರ್ಖ, ತಾಳು, ಇನ್ನೊಂದು ಚೂರು, ಅವಳ ಚಪ್ಪಲಿ ಜಾರಿತು, ಅವನು ಇನ್ನೂ ಕಾಯುತ್ತಿದ್ದಾನೆ.