ಸೇತುವೆಯ ನಡುವೆ ನಿಂತ ಬಸ್ಸು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಗಳೂ ಕೈಸೇರಿವೆ. ಉತ್ತರ ಬರೆಯದೆ ಕೂತದ್ದಕ್ಕೆ ಬೈಯುವಷ್ಟು ಬೈದುಬಿಡು, ಆಮೇಲೆ ಮುಂದೆ ಓದು. ಡ್ಯೂಟಿ ಜಾಸ್ತಿ ಎಂದು ನೆಪ ಹೇಳೋಣವೆಂದರೆ, ಎರಡು ತಿಂಗಳಿಂದ ನಾನು ಬಸ್ಸನ್ನೇ ಓಡಿಸಿಲ್ಲ.

ಜನವರಿಯ ಒಂದು ಬೆಳಿಗ್ಗೆ, ಎಂಟೂವರೆಯ ಟ್ರಿಪ್. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಳೆಯ ಸೇತುವೆಯ ನಡುವೆ ಬರುವಷ್ಟರಲ್ಲಿ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಇನ್ನೊಂದು ಗಳಿಗೆಯಲ್ಲಿ ಬಸ್ಸು ಕಂಬಿ ಮುರಿದು ನೀರಿಗೆ ಬೀಳುತ್ತದೆ, ಬೀಳಿಸುವವನು ನಾನೇ ಅನ್ನಿಸಿತು. ಹೇಗೋ ಬ್ರೇಕ್ ಒತ್ತಿ ನಿಲ್ಲಿಸಿದೆ. ಹಿಂದಿನಿಂದ ಹಾರ್ನೋ ಹಾರ್ನು.

"ಏನ್ರೀ ಡ್ರೈವರ್, ನಿದ್ದೆ ಬಂತಾ?" ಎಂದು ಯಾರೋ ಕೂಗಿದರು. ಕಂಡಕ್ಟರಮ್ಮ ಜನರ ನಡುವೆ ನುಗ್ಗಿ ಬಂದು ನನ್ನ ಮುಖ ನೋಡಿದಳು. "ಅಣ್ಣಾ, ಸ್ಟಿಯರಿಂಗ್ ಬಿಡಿ," ಎಂದಳು ಮೆತ್ತಗೆ. ಬೆರಳು ಬಿಚ್ಚಲೇ ಇಲ್ಲ. ಅವಳೇ ಒಂದೊಂದಾಗಿ ಬಿಡಿಸಿದಳು.

ಆಸ್ಪತ್ರೆಯಲ್ಲಿ ಹೃದಯ ಗುಂಡುಕಲ್ಲಿನ ಹಾಗಿದೆ ಎಂದರು. ಮನೋವೈದ್ಯರನ್ನು ನೋಡಿ ಎಂದು ಚೀಟಿ ಬರೆದುಕೊಟ್ಟರು. ಡಿಪೋದಲ್ಲಿ ಸೊಂಟನೋವು ಎಂದು ಸುಳ್ಳು ಹೇಳಿ, ಚೀಟಿಯನ್ನು ಮೂರು ವಾರ ಬಚ್ಚಿಟ್ಟೆ. ಬಟ್ಟೆ ಒಗೆಯುವಾಗ ಅದು ನನ್ನವಳ ಕೈಗೆ ಸಿಕ್ಕಿತು.

"ಕಾಲು ಮುರಿದಿದ್ರೆ ಹೀಗೇ ಬಚ್ಚಿಡ್ತಿದ್ರಾ?"

"ಜನ ಹುಚ್ಚ ಅಂತಾರೆ ಕಣೆ."

"ಅನ್ನಲಿ ಬಿಡಿ. ಜನ ಬಂದು ನನ್ ಜೊತೆ ಸಂಸಾರ ಮಾಡ್ತಾರಾ?"

ಮರುದಿನವೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರಮ್ಮ ಅರ್ಧ ಗಂಟೆ ನನ್ನ ಮಾತನ್ನೇ ಕೇಳಿದರು. ಆಮೇಲೆ ಹೇಳಿದರು: "ಇದು ಕಾಯಿಲೆ, ಹೇಡಿತನ ಅಲ್ಲ. ಭಯ ಏರುತ್ತೆ, ತಾನಾಗೇ ಇಳಿಯುತ್ತೆ. ಇಳಿಯೋದನ್ನ ನೀವು ಒಂದ್ಸಲನೂ ಕಾದು ನೋಡಿಲ್ಲ."

ಮಾತ್ರೆ ಶುರುವಾಯಿತು. ವಾರಕ್ಕೊಮ್ಮೆ ಅವರ ಜೊತೆ ಮಾತು. ಜೊತೆಗೆ ಹೋಮ್‌ವರ್ಕು ಬೇರೆ, ಈ ವಯಸ್ಸಿನಲ್ಲಿ! ಸೇತುವೆಯ ಮೇಲೆ ದಿನಾ ಸ್ವಲ್ಪ ಸ್ವಲ್ಪ ದೂರ ನಡೆಯಬೇಕು. ಕಳೆದ ಭಾನುವಾರ ನಾನೂ ನನ್ನವಳೂ ನಡುವಿನ ತನಕ ಹೋದೆವು. ಅಲ್ಲಿ ಬೆವರು ಕಿತ್ತುಕೊಂಡು ಬಂತು. "ವಾಪಸ್ ಹೋಗೋಣ" ಎಂದೆ. "ಐದು ನಿಮಿಷ ನೋಡೋಣ" ಎಂದು ಅವಳು ಪಕ್ಕದಲ್ಲೇ ನಿಂತಳು. ಐದು ಹೋಗಿ ಹದಿನೈದಾಯಿತು. ಆಮೇಲೆ ಇಳಿಯಿತು, ಅಕ್ಕ. ನಿಜವಾಗಿಯೂ ಇಳಿಯಿತು. ಹಾಗೆಂದು ಪೂರ್ತಿ ವಾಸಿಯಾಗಿಲ್ಲ. ನಿನ್ನೆ ಮತ್ತೆ ಅರ್ಧ ದಾರಿಯಿಂದ ತಿರುಗಿ ಬಂದೆ. ಡಿಪೋ ಮ್ಯಾನೇಜರಿಗೆ ಈಗ ನಿಜ ಹೇಳಿದ್ದೇನೆ. ಡಾಕ್ಟರಮ್ಮ ಒಪ್ಪಿದ ಮೇಲೆ ಮೊದಲು ಅಂಗಳದಲ್ಲೇ ಖಾಲಿ ಬಸ್ಸು ಕೊಡುತ್ತಾರಂತೆ.

ಭಾವನಿಗೆ ನಮಸ್ಕಾರ. ಮಕ್ಕಳು ನೂರು ಕಾಲ ನಗುನಗುತ್ತಾ ಬಾಳಲಿ.

ನಿನ್ನ ತಮ್ಮ,
ಕುಳ್ಳ

ಮತ್ತೊಂದು ಮಾತು: "ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?" ಎಂದು ಡಾಕ್ಟರಮ್ಮ ಕೇಳಿದಾಗ ಇಲ್ಲ ಎಂದುಬಿಟ್ಟೆ. ನಿನ್ನ ಪರೀಕ್ಷೆಯ ವರ್ಷ, ಉಸಿರು ಸಿಗುತ್ತಿಲ್ಲ, ಸಾಯುತ್ತೇನೆ ಎಂದು ನೀನು ನಡುಗುತ್ತಿದ್ದಾಗ ಅಪ್ಪ "ನಾಟಕ" ಎಂದು ನಿನ್ನನ್ನು ಕೋಣೆಗೆ ತಳ್ಳಿದರು. ಹೊರಗಿನಿಂದ ಚಿಲಕ ಹಾಕಿದ್ದೂ ಅಪ್ಪನೇ ಎಂದು ನೀನು ಇವತ್ತಿಗೂ ನಂಬಿದ್ದೀಯ. ಹಾಕಿದವನು ನಾನು. ತೆಗೆಯೋ ಎಂದು ನೀನು ನನ್ನನ್ನೇ ಕೂಗುತ್ತಿದ್ದೆ; ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತು ನಗುತ್ತಿದ್ದೆ. ಕ್ಷಮಿಸು ಎನ್ನಲು ಮುಖವಿಲ್ಲ. ಈಗಲೂ ನಿನಗೆ ಹಾಗಾಗುತ್ತದೆಯೇ, ಅಕ್ಕ?