ಊದಬಾರದ ಹನಿ

ಮಾರ್ಚ್ ೧೧, ಮಂಗಳವಾರ

ಊದಿದೆನೋ ಇಲ್ಲವೋ? ಬೆಳಗಿನಿಂದ ಇದೊಂದೇ ತಲೆ ಕೊರೆಯುತ್ತಿದೆ.

ಗಗನನೌಕೆಯಲ್ಲಿ ಫ್ರಿಜ್ಜಿಗೆ ಜಾಗವಿಲ್ಲ. ಅದಕ್ಕೇ ಯಾತ್ರಿಗಳ ರಕ್ತವನ್ನು ಸಕ್ಕರೆ ಲೇಪಿಸಿದ ಕಾಗದದ ಮೇಲೆ ಹನಿಸಿ, ಒಣಗಿಸಿ, ಗಾಳಿಯಾಡದ ಚೀಲಕ್ಕೆ ಹಾಕುತ್ತೇವೆ. ದಾರಿಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಹೋಲಿಸಿ ನೋಡುವುದಕ್ಕೆ ಇರುವುದು ಅದೊಂದೇ. ಉಸಿರಿನ ತೇವ ತಾಗಿದರೆ ಕೆಟ್ಟಿತು. 'ಹನಿ ಮುಂದೆ ಬಾಯಿ ಬಿಡ್ಬೇಡ' ಅಂತ ಹೊಸಬರಿಗೆಲ್ಲ ಗದರುವವಳು ನಾನೇ.

ಇವತ್ತು ಸೆಕೆಗೆ ಮಾಸ್ಕ್ ಕೆಳಗಿಳಿಸಿದ್ದೆ. ಕೊನೆಯ ಹನಿ ಒಣಗಲೊಲ್ಲದು. ಮೇಲಧಿಕಾರಿ ಹಿಂದೆಯೇ ನಿಂತು 'ಬೇಗ, ಬೇಗ' ಅನ್ನುತ್ತಿದ್ದರು. ಹನಿಯ ಮೇಲೆ ಬಗ್ಗಿದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಚೀಲಗಳ ಪೆಟ್ಟಿಗೆಗೆ ಸೀಲ್ ಬಿದ್ದಾಗಿದೆ. ನಾಳೆ ಬೆಳಿಗ್ಗೆ ನೌಕೆಗೆ ಹೊರಡುತ್ತದೆ.

ನಮ್ಮನೆಯವರಿಗೆ ಹೇಳಿದರೆ ನಕ್ಕುಬಿಟ್ಟರು. "ನೀನಾ? ಊದಿರಲ್ಲ ಬಿಡು. ಉಪ್ಪಿನ ಡಬ್ಬಿ ಮುಚ್ಚಿದೀನಾ ಅಂತ ಮೂರು ಸಲ ಎದ್ದು ನೋಡೋಳು ನೀನು."

ಸ್ವಲ್ಪ ಸಮಾಧಾನವಾಗಿತ್ತು. ಅಷ್ಟರಲ್ಲಿ ಮಗಳು ಮೆಟ್ಟಿಲಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದಳು. ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಔಷಧಿ ಹಚ್ಚಿದೆ. ಕೈ ತನ್ನ ಪಾಡಿಗೆ ಹಚ್ಚುತ್ತಿತ್ತು, ತಲೆಯಲ್ಲಿ ಮತ್ತೆ ಅದೇ ಹನಿ. ಅಳು ಯಾವಾಗ ನಿಂತಿತೋ.

"ಅಮ್ಮಾ, ತಣ್ಣಗಾಯ್ತು. ಇನ್ನೊಂದ್ಸಲ ಊದು," ಅಂದಳು.

ಊದಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಮೇಲಧಿಕಾರಿಗೆ ಫೋನ್ ಮಾಡಿದ್ದೇನೆ. ಆ ಕಡೆ ರಿಂಗ್ ಆಗುತ್ತಿದೆ.